ಹೊನ್ನೆ ಬಾಗಿಲಿನ ಬಣ್ಣ

ಅಕ್ಕ ಚನ್ನಬಸಮ್ಮ ಬೆರೆಸಿಟ್ಟುಹೋಗಿದ್ದ ಬಣ್ಣದ ಡಬ್ಬಿಗಳಲ್ಲಿ ಕೊನೆಯದು ಶ್ರಾವಣದಲ್ಲಿ ಖಾಲಿಯಾಯಿತು. ಪುಟ್ಟಬಸವಯ್ಯ ಅದರ ತಳವನ್ನು ಚಾಕುವಿನ ಮೊನೆಯಿಂದ ಕೆರೆದ. ಅಂಚಿಗೆ ಅಂಟಿ ಗಟ್ಟಿಯಾಗಿದ್ದನ್ನೂ ಬಿಡದೆ ಟರ್ಪೆಂಟೈನಿನಲ್ಲಿ ಕರಗಿಸಿ, ಬಿಳಿಗೆರೆಯ ಒಂದು ಮನೆಯ ಕಿಟಕಿಯ ಕೊನೆಯ ಪಟ್ಟಿಗೆ ಬಳಿದು ಮುಗಿಸಿದ. ಮನೆಗೆ ಬಂದು ಡಬ್ಬಿ ತೊಳೆದು ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿದ. ಅಲ್ಲಿ ಆಗಲೇ ಹತ್ತು ಡಬ್ಬಿಗಳು ಬೋರಲಾಗಿದ್ದವು.

ಅವನಿಗೆ ಅರವತ್ತೊಂದು ವರ್ಷ. ನಂಜನಗೂಡಿನ ಸುತ್ತ ಮರಕ್ಕೆ ಪಾಲಿಶ್ ಹಾಕುವವರಲ್ಲಿ ಅವನಿಗಿಂತ ಹಳಬರಿಲ್ಲ. ಅವನು ಮುಗಿಸಿದ ಬಾಗಿಲ ಮೇಲೆ ಅಂಗೈ ಆಡಿಸಿದರೆ ಎಲ್ಲೂ ತಡೆಯುವುದಿಲ್ಲ, ಹರಿವಾಣದ ನೀರಿನ ಮೇಲೆ ಆಡಿಸಿದ ಹಾಗಿರುತ್ತದೆ ಎಂದು ಬಡಗಿಗಳು ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ಅಕ್ಕ ಚನ್ನಬಸಮ್ಮ ಇಪ್ಪತ್ತನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪ್ಪ ಅಮ್ಮ ಹೋದಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಈ ವರ್ಷದ ಮಾಘದಲ್ಲಿ ಒಂದು ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ.

ತೇಗ, ಹೊನ್ನೆ, ಬೀಟೆ, ಮತ್ತಿ ಇವೆಲ್ಲ ಬಾಯಿ ತೆರೆದ ಮರಗಳು ಎಂದು ಪುಟ್ಟಬಸವಯ್ಯ ಹೇಳುತ್ತಿದ್ದ. ಬಡಗಿ ಎಷ್ಟೇ ನುಣ್ಣಗೆ ಹತ್ತರಿ ಹೊಡೆದು ಹೆರೆದರೂ ಅವುಗಳ ಮೈಮೇಲೆ ಸೂಜಿಯಿಂದ ಗೀರಿದಂಥ ಸಣ್ಣ ಸಣ್ಣ ಕುಳಿಗಳು ಉಳಿದೇ ಇರುತ್ತವೆ. ಮರ ಬದುಕಿದ್ದಾಗ ನೀರು ಕುಡಿದ ದಾರಿಗಳು ಅವು. ಮುಚ್ಚದೆ ಪಾಲಿಶ್ ಹಾಕಿದರೆ ಪಾಲಿಶೆಲ್ಲ ಒಳಗೆ ಇಳಿದುಹೋಗಿ, ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ. ಆದ್ದರಿಂದ ಮೊದಲು ಆ ಬಾಯಿಗಳನ್ನು ತುಂಬಬೇಕು. ಚಾಕ್ ಪುಡಿ, ಅಗಸೆ ಎಣ್ಣೆ, ಟರ್ಪೆಂಟೈನ್, ಒಂದಿಷ್ಟು ಬಣ್ಣ, ಇಷ್ಟೇ ಸಾಮಾನು. ಮೊಸರಿನ ಹದಕ್ಕೆ ಕಲಸಿ ಬಳಿದು, ಅದರ ಹೊಳಪು ಸಾಯುವವರೆಗೆ ಕಾಯಬೇಕು. ಬೇಗ ಒರೆಸಿದರೆ ಕುಳಿಯೊಳಗಿನದೂ ಎದ್ದು ಬರುತ್ತದೆ. ತಡ ಮಾಡಿದರೆ ಸಿಮೆಂಟಾಗಿ ಕೂರುತ್ತದೆ. ಹೊಳಪು ಸತ್ತ ಗಳಿಗೆಯಲ್ಲಿ ಗೋಣಿಚೀಲದ ತುಂಡು ಹಿಡಿದು ಮರದ ಎಳೆಗೆ ಅಡ್ಡಡ್ಡವಾಗಿ ಒರೆಸಬೇಕು. ಬಣ್ಣ ಮರಕ್ಕಿಂತ ಒಂದು ಕೂದಲೆಳೆಯಷ್ಟು ಕಪ್ಪಗಿರಬೇಕು, ಏಕೆಂದರೆ ಮರ ವರ್ಷದಿಂದ ವರ್ಷಕ್ಕೆ ಮಾಗುತ್ತದೆ, ತುಂಬಿದ ಪುಡಿ ಮಾಗುವುದಿಲ್ಲ. ಬಿಳಿ ಉಳಿಯಿತೋ, ನಾಲ್ಕೇ ವರ್ಷದಲ್ಲಿ ಬಾಗಿಲಿಗೆ ತಲೆಹೊಟ್ಟು ಎದ್ದಂತೆ ಕಾಣುತ್ತದೆ.

ಇದೆಲ್ಲ ಪುಟ್ಟಬಸವಯ್ಯನಿಗೆ ಬಾಯಿಪಾಠ. ಬಣ್ಣ ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ಕುರುಡನಲ್ಲ. ಇರುವೆ ಕೊಂಡೊಯ್ಯುವ ಅಕ್ಕಿನುಚ್ಚು ಅವನಿಗೆ ಕಾಣುತ್ತದೆ. ಆಕಾಶ ನೀಲಿಯಾಗಿ, ಅರಿಶಿನ ಅರಿಶಿನವಾಗಿಯೇ ಕಾಣುತ್ತದೆ. ಆದರೆ ಕೆಂಪೂ ಹಸಿರೂ ಬಂದ ಕಡೆ ಎರಡೂ ಒಂದೇ ಆಗಿ, ಒಣಗಿದ ಹುಲ್ಲಿನ ಹಾಗೆ ಮಂಕಾಗುತ್ತವೆ. ಇಪ್ಪತ್ತೊಂಬತ್ತನೇ ವಯಸ್ಸಿನವರೆಗೆ ಲೋಕ ಎಲ್ಲರಿಗೂ ಹೀಗೇ ಇದೆ ಎಂದು ಅವನು ತಿಳಿದಿದ್ದ. ಮೈಸೂರಿನ ಮೇಸ್ತ್ರಿಯೊಬ್ಬರ ಕೈಕೆಳಗೆ ಬರೀ ಉಜ್ಜುವ ಕೆಲಸದಲ್ಲಿದ್ದ. ಬಣ್ಣ ಬೆರೆಸುವುದು ಮೇಸ್ತ್ರಿಯ ಪಾಲಿನದು, ಇವನಿಗೆ ಆ ಗೊಡವೆಯೇ ಇರಲಿಲ್ಲ.

ಗೊತ್ತಾದದ್ದು ಕಳಲೆಯಲ್ಲಿ. ಅಲ್ಲೊಂದು ಹೆಣ್ಣು ಗೊತ್ತಾಗಿ, ಒಪ್ಪಿಗೆಯ ದಿನಕ್ಕೆ ಹಸಿರು ಗಾಜಿನ ಬಳೆ ತರುವ ಕೆಲಸ ಇವನ ತಲೆಗೆ ಬಂತು. ಅಂಗಡಿಯಲ್ಲಿ ಗಿರಾಕಿಗಳ ನೂಕಾಟ. ಇವನೇ ಕೈಹಾಕಿ ಎರಡು ಡಜನ್ ಆರಿಸಿ ತಂದ. ತಟ್ಟೆಯ ಮೇಲಿನ ಬಟ್ಟೆ ತೆಗೆದಾಗ ಒಳಗಿದ್ದದ್ದು ಒಣಗಿದ ರಕ್ತದ ಬಣ್ಣದ ಬಳೆಗಳು. ಹೆಣ್ಣಿನ ಸೋದರತ್ತೆ ಅವನ್ನು ಮುಟ್ಟಲಿಲ್ಲ.

"ಇದೇನಪ್ಪ, ಬೇಕೂಂತ ತಂದ್ಯೋ, ಇಲ್ಲಾ ಕಣ್ಣು ಕಾಣಾಕಿಲ್ವೋ?" ಎಂದಳು.

"ಹಸುರೇ ಅಲ್ವಾ ಅದು?" ಎಂದ ಅವನು.

ಸಂಬಂಧ ಅಲ್ಲಿಗೆ ಮುರಿಯಿತು. ಮನೆಗೆ ಬಂದ ಸಂಜೆ ಚನ್ನಬಸಮ್ಮ ಮೊರದ ತುಂಬ ಹಣ್ಣುಮೆಣಸಿನಕಾಯಿ, ಹಸಿಮೆಣಸಿನಕಾಯಿ ಬೆರೆಸಿ ತಮ್ಮನ ಮುಂದಿಟ್ಟು, ಬೇರೆ ಬೇರೆ ಮಾಡು ಎಂದಳು. ಅವನು ಬಹಳ ಹೊತ್ತು ಕೂತು ಎರಡು ಗುಡ್ಡೆ ಮಾಡಿದ. ಅವಳು ಎರಡೂ ಗುಡ್ಡೆಗಳನ್ನು ನೋಡಿ, ಮತ್ತೆ ಒಂದೇ ಮಾಡಿ, ಮೊರವನ್ನು ಒಳಗಿಟ್ಟು ಬಂದಳು.

"ಇದ ಯಾರ್ಗೂ ಯೋಳ್ಬ್ಯಾಡ ಕಣ್ಲಾ. ಹೆಣ್ಣು ಓದ್ರೆ ಓಯ್ತು. ಕೆಲ್ಸನೂ ಓಗ್ಬಾರ್ದು. ಬಣ್ಣ ನಾ ನೋಡ್ಕತೀನಿ."

ನೋಡಿಕೊಂಡಳು. ಮೂವತ್ತೆರಡು ವರ್ಷ. ಅವನು ಕೆಲಸ ಹಿಡಿದ ಮನೆಯಿಂದ ಮರದ ಒಂದು ಹೆರೆಯನ್ನು ಕಾಗದದಲ್ಲಿ ಸುತ್ತಿ ತರುವನು. ಅವಳು ಅದನ್ನು ಹಿತ್ತಲ ಕಲ್ಲಿನ ಮೇಲಿಟ್ಟು ನೀರು ಚಿಮುಕಿಸುವಳು. ಒದ್ದೆಯಾದ ಮರ ಪಾಲಿಶ್ ಕುಡಿದಾಗಿನ ಬಣ್ಣವನ್ನು ಮುಂಚೆಯೇ ತೋರಿಸುತ್ತದೆ ಎಂದು ಅವಳೇ ಕಂಡುಕೊಂಡಿದ್ದಳು. ಆಮೇಲೆ ಚಾಕ್ ಪುಡಿಗೆ ಕಾವಿ, ಹಳದಿಮಣ್ಣು, ಸುಟ್ಟಮಣ್ಣು ಸೇರಿಸಿ, ಕೆಂಪು ಮುಂದಾದರೆ ಅದನ್ನು ಹಿಂದಕ್ಕೆಳೆಯಲು ಒಂದೇ ಒಂದು ಚಿಟಿಕೆ ಹಸಿರು ಹಾಕಿ, ಹೆಬ್ಬೆರಳಲ್ಲಿ ಹೆರೆಯ ಮೇಲೆ ತೀಡಿ ನೋಡುವಳು. ಅಕ್ಷರ ಬಾರದವಳು. ಮುಂದಕ್ಕೂ ಇರಲಿ ಎಂದು ಹೆಚ್ಚಾಗಿ ಕಲಸಿ ಡಬ್ಬಿಗಳಲ್ಲಿ ತುಂಬಿಟ್ಟು, ತೇಗದ ಡಬ್ಬಿಗೆ ಒಂದು ಗಂಟಿನ ದಾರ, ಹೊನ್ನೆಗೆ ಎರಡು ಗಂಟು, ಬೀಟೆಗೆ ಮೂರು ಗಂಟು ಕಟ್ಟುವಳು. ಕಲಸುತ್ತ ಅವನಿಗೆ ಹೇಳುವಳು: "ಈ ತೇಗ ಉಳ್ಳಿಕಟ್ಟಿನಂಗದೆ. ಓದ್ಸಲದ್ದು ಬೆಲ್ಲದಂಗಿತ್ತು." ಅವನು ತಲೆಯಾಡಿಸುವನು. ಹುರುಳಿಕಟ್ಟಿನ ರುಚಿ ಅವನಿಗೆ ಗೊತ್ತಿತ್ತು, ಅಷ್ಟು ಸಾಕಿತ್ತು.

ಅವಳು ಮಾತ್ರ ಒಂದು ದಿನವೂ ಆ ಬಾಗಿಲುಗಳನ್ನು ನೋಡಲು ಹೋದವಳಲ್ಲ. ಹೋದರೆ ಜನ ಏನಾದರೂ ಊಹಿಸಿಯಾರು ಎಂಬ ಭಯ. ಬಾಗಿಲು ಮುಗಿದ ದಿನ ಅವನು ಬಂದು, ಅಂಗೈಗೆ ಅದು ಹೇಗಿತ್ತು ಎಂದು ಹೇಳುವನು. ಅವಳು ಅದರ ಬಣ್ಣ ಹೇಗಿದ್ದಿರಬೇಕು ಎಂದು ಹೇಳುವಳು. ಹೀಗೆ ಇಬ್ಬರೂ ಸೇರಿ ಒಂದು ಬಾಗಿಲನ್ನು ಪೂರ್ತಿ ನೋಡುತ್ತಿದ್ದರು.

ಈಗ ಡಬ್ಬಿಗಳು ಮುಗಿದಿದ್ದವು. ಅದೇ ವಾರ ಬಡಗಿ ರುದ್ರೇಶ್ ಫೋನು ಮಾಡಿದ. ಅವನ ಅಪ್ಪನ ಕಾಲದಿಂದಲೂ ಪುಟ್ಟಬಸವಯ್ಯನಿಗೆ ಕೆಲಸ ಬರುತ್ತಿದ್ದದ್ದು ಆ ಮನೆಯಿಂದಲೇ. ತಿ. ನರಸೀಪುರದಲ್ಲಿ ಹೈಸ್ಕೂಲ್ ಟೀಚರ್ ಸುನೀತಾ ಎಂಬುವವರು ಮನೆ ಕಟ್ಟಿಸುತ್ತಿದ್ದಾರೆ, ಮುಂಬಾಗಿಲು ಹೊನ್ನೆ, ಇನ್ನು ಹದಿನೈದು ದಿನಕ್ಕೆ ಗೃಹಪ್ರವೇಶ, ನಾಳೆಯೇ ಬಾ ಎಂದ.

ಪುಟ್ಟಬಸವಯ್ಯ ಮೊದಲು ಹೋದದ್ದು ನಂಜೇಶನ ಹಾರ್ಡ್‌ವೇರ್ ಅಂಗಡಿಗೆ. ಕುಳಿ ತುಂಬಲು ತಯಾರಾಗಿಯೇ ಬರುವ ಫಿಲ್ಲರಿನ ಡಬ್ಬಿಗಳು ಅಲ್ಲಿದ್ದವು. ಮೇಲೆ ಹೆಸರು ಬರೆದಿರುತ್ತಿತ್ತು, ಅವನಿಗೆ ಓದಲು ಬರುತ್ತಿತ್ತು. ಆದರೆ ತೇಗ ಇತ್ತು, ವಾಲ್ನಟ್ ಇತ್ತು, ಹೊನ್ನೆ ಇರಲಿಲ್ಲ.

"ತೇಗದ್ದನ್ನೇ ತಕ್ಕೊಂಡೋಗಿ ಒಂಚೂರು ಬಣ್ಣ ಸೇರಿಸ್ಕೊ ಬಸಣ್ಣ. ನಿಂಗೆ ನಾ ಯೋಳ್ಕೊಡ್ಬೇಕಾ?" ಎಂದು ನಂಜೇಶ್ ನಕ್ಕ. "ಆದ್ರೆ ಇದು ನೀರಿಂದು, ಎಣ್ಣೇದಲ್ಲ. ಮರದ ರೋಮ ಏಳ್ತದೆ, ಮತ್ತೆ ಉಜ್ಜಬೇಕಾಯ್ತದೆ."

ಅವನು ಬರಿಗೈಯಲ್ಲಿ ಮನೆಗೆ ಬಂದ. ಅಕ್ಕನ ಬಿಸ್ಕತ್ತಿನ ಡಬ್ಬಿ ತೆಗೆದು ಬಣ್ಣದ ಪೊಟ್ಟಣಗಳನ್ನು ಹರಡಿದ. ಹಳದಿಮಣ್ಣು ಗುರುತು ಸಿಕ್ಕಿತು. ಸುಟ್ಟಮಣ್ಣು ಕಪ್ಪಗಿತ್ತು, ಅದೂ ಸಿಕ್ಕಿತು. ಉಳಿದವು ಎರಡು. ಒಂದು ಕಾವಿ, ಒಂದು ಹಸಿರು. ಬೆರಳಿಗೂ ಮೂಗಿಗೂ ಎರಡೂ ಒಂದೇ. ಅವನು ಯೋಚಿಸಿದ. ಹೆಚ್ಚು ಬಳಕೆಯಾಗುವುದು ಕಾವಿ. ಹಸಿರು ಬರೀ ಚಿಟಿಕೆಯ ಲೆಕ್ಕ. ಹಾಗಾದರೆ ಬರಿದಾಗುತ್ತ ಬಂದದ್ದೇ ಕಾವಿ, ತುಂಬಿಕೊಂಡಿರುವುದೇ ಹಸಿರು. ಯಾರಾದರೂ ಹಾಗೆಯೇ ಯೋಚಿಸುತ್ತಿದ್ದರು. ಬರಿದಾಗುತ್ತ ಬಂದಿದ್ದ ಪೊಟ್ಟಣವನ್ನು ಆರಿಸಿಕೊಂಡು ಚಾಕ್ ಪುಡಿಗೆ ಕಲಸಿದ.

ಭಾನುವಾರ ನರಸೀಪುರದ ಆ ಹೊಸ ಮನೆಯಲ್ಲಿ ಯಾರೂ ಇರಲಿಲ್ಲ. ಹಸಿ ಸುಣ್ಣದ ವಾಸನೆ, ಗಾಜಿಲ್ಲದ ಕಿಟಕಿಗಳು. ಅವನು ಬಾಗಿಲನ್ನು ಮರಳು ಕಾಗದದಲ್ಲಿ ಉಜ್ಜಿ, ಧೂಳು ಹೊಡೆದು, ಕಲಸಿದ್ದನ್ನು ಬಳಿದ. ಹೊಳಪು ಸಾಯುವುದನ್ನು ಕಾದ. ಗೋಣಿಯಲ್ಲಿ ಅಡ್ಡಡ್ಡ ಒರೆಸಿದ. ಕೈ ಎಂದಿನಂತೆಯೇ ಓಡಿತು. ಅಕ್ಕ ಹೋದಮೇಲೆ ಮೊದಲ ಸಲ ಅವನಿಗೆ ಹಸಿವೆನಿಸಿ, ಗೋಡೆಗೊರಗಿ ಬುತ್ತಿ ಬಿಚ್ಚಿ ಉಂಡ. ಬಾಗಿಲು ಎದುರಿಗೇ ಇತ್ತು. ಚೆನ್ನಾಗಿ ಬಂದಿದೆ ಎಂದುಕೊಂಡ.

ಸೋಮವಾರ ಬೆಳಿಗ್ಗೆ ಅವನು ಬಸ್ಸಿಳಿದು ಬರುವಷ್ಟರಲ್ಲಿ ರುದ್ರೇಶ್ ಬಾಗಿಲ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಗೋಡೆಗೆ ನೀರು ಹೊಡೆದು ಕಸ ಗುಡಿಸಲು ಹದಿನಾರು ಎಂಬ ಹಳ್ಳಿಯಿಂದ ಬರುವ ಕೆಂಪಾಜಮ್ಮ ಪೊರಕೆ ಹಿಡಿದು ಪಕ್ಕದಲ್ಲಿದ್ದಳು.

"ಏನ್ ಬಸಣ್ಣ ಇದು? ಬಾಗ್ಲಾ, ಕೆರೆ ಮೆಟ್ಲಾ? ಪಾಚಿ ಕಟ್ಟಂಗದೆ!"

"ಟೀಚರಮ್ಮ ಗಿಣಿ ಸಾಕಕ್ಕೆ ಮಾಡ್ಸವ್ಳೇನೋ, ನಿಂಗೇನ್ ಗೊತ್ತು," ಎಂದಳು ಕೆಂಪಾಜಮ್ಮ.

ಪುಟ್ಟಬಸವಯ್ಯ ಬಾಗಿಲನ್ನು ನೋಡಿದ. ನಿನ್ನೆ ಹೇಗಿತ್ತೋ ಹಾಗೇ ಇತ್ತು. ಎಲ್ಲರಿಗೂ ಕಾಣುತ್ತಿರುವುದು ಆ ಬಾಗಿಲ ಮೇಲೆ ಎಲ್ಲೋ ಇತ್ತು, ಅವನೊಬ್ಬನಿಗೆ ಇರಲಿಲ್ಲ. ಆಗ ಹೊಳೆಯಿತು: ಅಕ್ಕ ಕಾವಿ ಮುಗಿಯುತ್ತ ಬಂತೆಂದು ಹೊಸದು ತಂದು ತುಂಬಿಸಿಟ್ಟಿದ್ದಳು. ಮುಂದಿನ ಕೆಲಸಕ್ಕೆ ಇರಲಿ ಎಂದು. ತುಂಬಿದ ಪೊಟ್ಟಣವೇ ಕಾವಿ.

"ಇನ್ನೂ ಒಣಗಿಲ್ಲ. ಒಣಗಿದ ಮ್ಯಾಲೆ ಬದ್ಲಾಯ್ತದೆ," ಎಂದ.

"ಒಣಗುದ್ರೆ ಒಣಗಿದ್ ಪಾಚಿ ಆಯ್ತದೆ, ಅಷ್ಟೇಯ. ಕಣ್ಣೇನಾರ ಕಾಣಾಕಿಲ್ವಾ ನಿಂಗೆ?"

ಅದು ಬರೀ ಮಾತಿಗೆ ಆಡಿದ ಮಾತು. ಆದರೂ ಪುಟ್ಟಬಸವಯ್ಯ ಮುಖ ತಿರುಗಿಸಿ ಚೀಲದಲ್ಲಿ ಗೋಣಿ ಹುಡುಕತೊಡಗಿದ. ರುದ್ರೇಶ್ ಧ್ವನಿ ತಗ್ಗಿಸಿದ. ಅಕ್ಕನನ್ನು ಕಳಕೊಂಡ ದುಃಖದಲ್ಲಿ ಮುದುಕನಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಅವನಿಗನ್ನಿಸಿರಬೇಕು.

"ನೋಡು, ಬುಧವಾರ ಸಂಜೆ ಟೀಚರಮ್ಮ ಬತ್ತಾರೆ. ಅಷ್ಟರೊಳ್ಗೆ ಇದು ಹೊನ್ನೆ ಬಾಗ್ಲಾಗಿರ್ಬೇಕು. ಇಲ್ದಿದ್ರೆ ಮೈಸೂರಿಂದ ಆ ಪಾಲಿಶ್ ಮದನ್‌ನ ಕರೀತೀನಿ. ಅವನು ಬಂದು ಹಸುರು ಬಾಗ್ಲು ನೋಡುದ್ರೆ ಮುಂದೆ ನಿನ್ನ ಯಾರೂ ಕರ್ಯಲ್ಲ, ಅದ ತಿಳ್ಕೊ."

ಅವನು ಹೋದಮೇಲೆ ಪುಟ್ಟಬಸವಯ್ಯ ತೆಂಗಿನ ನಾರಿನ ಬ್ರಷ್ಷು, ಟರ್ಪೆಂಟೈನ್, ಗೋಣಿ ಹಿಡಿದು ಕೂತ. ಎಣ್ಣೆಯ ಫಿಲ್ಲರು ಒಂದು ರಾತ್ರಿಗೆ ಕಲ್ಲಾಗುವುದಿಲ್ಲ. ಒದ್ದೆ ಮಾಡಿ ಎಳೆಯ ಉದ್ದಕ್ಕೂ ಉಜ್ಜಿದರೆ ಕುಳಿಗಳಿಂದ ಮೇಲೆ ಬರುತ್ತದೆ. ಬಂತು. ಗೋಣಿ ತೊಯ್ದು ಕೊಳೆಯಾಯಿತು. ಅದು ಹಸಿರಿನ ಕೊಳೆಯೋ ಮರದ ಕೊಳೆಯೋ ಅವನಿಗೆ ತಿಳಿಯಲಿಲ್ಲ. ಉಗುರಿನಿಂದ ಒಂದು ಕುಳಿಯನ್ನು ತಡವಿದ. ಖಾಲಿಯಾದಂತಿತ್ತು. ಪಕ್ಕದ್ದು? ಒಂದು ಬಾಗಿಲಿನಲ್ಲಿ ಅಂಥವು ಲಕ್ಷ ಇರುತ್ತವೆ. ತೆಗೆಯುವುದು ಕಷ್ಟವಲ್ಲ, ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಅವನಿಗೆ ಕಾಣದ್ದು. ಹನ್ನೊಂದು ಗಂಟೆಯವರೆಗೆ ಒಂದೇ ಹಲಗೆಯನ್ನು ಉಜ್ಜಿದ. ಕೈ ನಿಂತಿತು.

ಕೆಂಪಾಜಮ್ಮ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು.

"ಕೆಂಪಾಜಮ್ಮ, ಈ ಕಡೆ ನೆರಳು ಬಿದ್ದದೆ, ಸರಿಯಾಗಿ ಕಾಣ್ತಿಲ್ಲ. ಹಸುರು ಉಳ್ದದಾ ಒಸಿ ನೋಡು."

"ನೆರಳೆಲ್ಲದಪ್ಪ? ಬಿಸ್ಲು ಬಾಗ್ಲ ಮಕಕ್ಕೇ ಒಡೀತಾದೆ." ಎದ್ದು ಬಂದಳು. ಬಾಗಿಲನ್ನು ನೋಡಿದಳು, ಅವನನ್ನು ನೋಡಿದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು. "ಇಲ್ಲಿ ಆಗ್ಲೇ ಓಯ್ತು. ಉಜ್ಜಿ ಉಜ್ಜಿ ಮರ ಸವೆಸ್ತಿದ್ದೀಯ. ಆ ಮೂಲೆ ನೋಡು, ಅಂಗೇ ಅದೆ."

"ಎಲ್ಲಿ?"

"ಮ್ಯಾಲಕ್ಕೆ. ಇನ್ನೊಂಚೂರು. ಬಲಕ್ಕಲ್ಲ, ಎಡಕ್ಕೆ. ಆ, ಅಲ್ಲಿ."

ಅವಳು ಹೇಳಿದ ಕಡೆ ಅವನು ಉಜ್ಜಿದ. ಇಬ್ಬರೂ ಬಾಗಿಲ ಉದ್ದಕ್ಕೂ, ಅಗಲಕ್ಕೂ ಹೀಗೇ ನಡೆದರು. ಮೂರು ಗಂಟೆಯಾಯಿತು. ಅವಳ ಕಸ ಗುಡಿಸುವ ಕೆಲಸ ಅಷ್ಟೂ ಬಿದ್ದಿತ್ತು. "ಓಯ್ತು. ಇನ್ನು ಒಂದ್ ಚುಕ್ಕೆನೂ ಇಲ್ಲ," ಎಂದು ಅವಳು ಬೆನ್ನು ಹಿಂದಕ್ಕೆ ಬಾಗಿಸಿ ಸೊಂಟ ನೆಟ್ಟಗೆ ಮಾಡಿಕೊಂಡಳು. ಆಮೇಲೆ ಪೊರಕೆ ಎತ್ತಿಕೊಳ್ಳುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು:

"ನಮ್ಮಣ್ಣನ್ ಮಗನೂ ಇಂಗೇಯ. ಪೋಲೀಸ್ ಕೆಲ್ಸಕ್ಕೆ ಓಡಿ ಗೆದ್ದ, ನೆಗೆದು ಗೆದ್ದ. ಕೊನೇಲಿ ಬಣ್ಣದ ಚುಕ್ಕಿ ಚುಕ್ಕಿ ಪುಸ್ತಕ ತೋರ್ಸಿ ವಾಪಸ್ ಕಳಿಸ್ಬುಟ್ರು."

"ನಂಗೇನಿಲ್ಲ. ಬಿಸ್ಲಿಗೆ ಕಣ್ಣು ಮಂಜಾಯ್ತು ಅಷ್ಟೆ."

"ಆಯ್ತು ಬುಡಪ್ಪ," ಎಂದು ಅವಳು ಒಳಗೆ ಹೋದಳು.

ಬಾಗಿಲು ಬೆತ್ತಲೆಯಾಗಿ ನಿಂತಿತ್ತು. ಈಗ ಮತ್ತೆ ತುಂಬಬೇಕು. ಯಾವ ಬಣ್ಣದಲ್ಲಿ? ತುಂಬಿದ ಪೊಟ್ಟಣ ಕಾವಿ ಎಂದು ಈಗ ಗೊತ್ತಾಗಿತ್ತು ನಿಜ. ಆದರೆ ಎಷ್ಟು? ಅಕ್ಕ ಅಳತೆಯಿಂದ ಬೆರೆಸಿದವಳಲ್ಲ, ನೋಡಿ ನೋಡಿ ಬೆರೆಸಿದವಳು. ಎರಡು ಹೊನ್ನೆ ಮರಗಳು ಒಂದೇ ಬಣ್ಣದವಾಗಿರುವುದೂ ಇಲ್ಲ. ಕೆಂಪಾಜಮ್ಮನನ್ನು ಎಷ್ಟು ಬಾಗಿಲುಗಳ ಮುಂದೆ ನಿಲ್ಲಿಸಿಕೊಳ್ಳಲು ಆಗುತ್ತದೆ?

ಅವನ ಕೈಗೆ ಎಣ್ಣೆ ಮೆತ್ತಿತ್ತು. ಉಜ್ಜಿದ ಮರದ ಧೂಳು ಅದರ ಮೇಲೆ ಕೂತು, ಬೆರಳ ಸಂದಿನಲ್ಲಿ ಅಂಟಂಟಾದ ಕೆಸರಾಗಿತ್ತು. ಸುಮ್ಮನೆ ಎರಡು ಬೆರಳ ನಡುವೆ ಅದನ್ನು ಹೊಸೆದ. ನುಣ್ಣಗಿತ್ತು. ಸಕ್ಕರೆ ಕಾಯಿಲೆಗೆಂದು ಅಕ್ಕ ಹೊನ್ನೆಯ ಲೋಟದಲ್ಲಿ ರಾತ್ರಿಯೆಲ್ಲ ನೀರಿಟ್ಟು ಕುಡಿಯುತ್ತಿದ್ದದ್ದು ನೆನಪಾಯಿತು. ಬೆಳಗಾಗುವಷ್ಟರಲ್ಲಿ ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ ಎಂದು ಹೇಳುತ್ತಿದ್ದಳು. ತನ್ನ ಬಣ್ಣವನ್ನು ಹೊನ್ನೆ ತಾನೇ ಬಿಡುತ್ತದೆ. ಅವನು ಬೆರಳ ಕೆಸರನ್ನು ಬಾಗಿಲ ಮೂಲೆಯ ಒಂದಂಗುಲಕ್ಕೆ ತಿಕ್ಕಿದ. ಕುಳಿಗಳು ಮುಚ್ಚಿಕೊಂಡವು. ಯಾವ ಬಣ್ಣ ಎಂದು ಅವನಿಗೆ ತಿಳಿಯಬೇಕಾಗಿರಲಿಲ್ಲ. ಅದು ಇದೇ ಬಾಗಿಲಿನ ಪುಡಿ.

ಮಂಗಳವಾರ ಬಾಗಿಲಿಗೆ ತೆಳ್ಳಗೆ ಅಗಸೆ ಎಣ್ಣೆ, ಒಂದಿಷ್ಟು ವಾರ್ನಿಷ್ ಬೆರೆಸಿ ಬಳಿದ. ಅದು ಒದ್ದೆಯಿರುವಾಗಲೇ ನುಣುಪಾದ ಎಮರಿ ಕಾಗದ ಹಿಡಿದು ಸುತ್ತು ಸುತ್ತಾಗಿ ಉಜ್ಜಿದ. ಧೂಳು ಹಾರಲಿಲ್ಲ, ಎಣ್ಣೆಯಲ್ಲೇ ಕಲಸಿಕೊಂಡು ರಾಗಿ ಅಂಬಲಿಯಂತಾಗಿ, ಕಾಗದದ ಒತ್ತಿಗೆ ಕುಳಿಗಳೊಳಗೆ ಇಳಿಯಿತು. ಹೊಳಪು ಸಾಯುವವರೆಗೆ ಕಾದು ಅಡ್ಡಡ್ಡ ಒರೆಸಿದ. ಬುಧವಾರ ಬೆಳಿಗ್ಗೆ ಇನ್ನೊಂದು ಸಲ. ಎಣ್ಣೆ ಕುಡಿದ ಪುಡಿ ಮರಕ್ಕಿಂತ ಒಂದು ಕೂದಲೆಳೆ ಕಪ್ಪಗಾಗುವುದು ಸಹಜ. ಅಕ್ಕ ಮೂವತ್ತೆರಡು ವರ್ಷ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹುಡುಕಿದ್ದು ಅದೇ ಕೂದಲೆಳೆಯನ್ನು.

ಒರೆಸುತ್ತಿದ್ದ ಕೈ ನಿಧಾನವಾಯಿತು. ಇದು ಆಗಲೇ ಹೊಳೆದಿದ್ದರೆ? ಒಂದು ಎಮರಿ ಕಾಗದ, ಒಂದು ಬಟ್ಟಲು ಎಣ್ಣೆ. ಅವಳ ಉಗುರಿನ ಸಂದಿನಿಂದ ಕಾವಿ ಹೋಗುತ್ತಲೇ ಇರಲಿಲ್ಲ, ಹಬ್ಬದ ದಿನವೂ. ಹೊಳೆದಿದ್ದರೆ ಸಂಜೆಗಳಲ್ಲಿ ಅವರಿಬ್ಬರೂ ಏನು ಮಾತಾಡುತ್ತಿದ್ದರು ಎಂದು ಯೋಚಿಸಿದ. ಬೇರೆ ಮಾತು ಅವರಿಗೆ ಇರಲಿಲ್ಲ. ಹೊಳೆಯದಿದ್ದದ್ದೇ ಸರಿ ಎನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಸಂಜೆ ಸುನೀತಾ ಸ್ಕೂಟರಿನಲ್ಲಿ ಬಂದರು. ಹಿಂದೆಯೇ ರುದ್ರೇಶ್. ಅವನು ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡಿ, ಹತ್ತಿರ ಬಂದು ನೋಡಿ, ಪುಟ್ಟಬಸವಯ್ಯನ ಭುಜಕ್ಕೊಂದು ಗುದ್ದು ಕೊಟ್ಟ. ಸುನೀತಾ ಬಾಗಿಲ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಜಾರಿಸಿದರು.

"ಅಯ್ಯೋ, ಇನ್ನೂ ಪಾಲಿಶೇ ಹಾಕಿಲ್ಲ ಅಂದ್ರಲ್ಲ! ಈಗ್ಲೇ ಹೀಗಿದೆ." ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. "ಪುಟ್ಟಬಸವಯ್ಯನವ್ರೇ, ನಮ್ಮಮ್ಮನದೊಂದು ತೇಗದ ಮಂಚ ಇದೆ. ಅದನ್ನೂ ನೀವೇ ಮಾಡ್ಕೊಡ್ಬೇಕು. ಆದ್ರೆ ಈ ಬಾಗಿಲ ಥರ ಬೇಡ, ಬೀರುವಿನ ಬಣ್ಣಕ್ಕೆ ಹೊಂದಬೇಕು. ಸ್ವಲ್ಪ ಕೆಂಪು ಹೊಡೆಯೋ ಹಾಗೆ."

"ಅದ್ಕೇನು ಮೇಡಂ, ಬಸಣ್ಣ ಮಾಡ್ಕೊಡ್ತಾನೆ," ಎಂದ ರುದ್ರೇಶ್.

'ಆಯ್ತಮ್ಮ' ಎನ್ನುವುದು ಪುಟ್ಟಬಸವಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತೆರಡು ವರ್ಷ ಎಲ್ಲರಿಗೂ ಅವನು ಅದನ್ನೇ ಹೇಳಿದ್ದ. ಹೇಳಿ ಮನೆಗೆ ಹೋದರೆ ಆಗುತ್ತಿತ್ತು. ತೇಗದ ಪುಡಿ ತೇಗದ ಬಣ್ಣವನ್ನೇ ಕೊಡುತ್ತದೆ, ಕೆಂಪು ಕೊಡುವುದಿಲ್ಲ. ಅಂದರೆ ಮತ್ತೆ ಪೊಟ್ಟಣಗಳು. ಮತ್ತೆ ನೆರಳು ಬಿದ್ದದೆ, ಬಿಸಿಲಿಗೆ ಕಣ್ಣು ಮಂಜಾಗಿದೆ.

"ಆಗಲ್ಲ ಕಣವ್ವ," ಎಂದ. "ನಂಗೆ ಕೆಂಪು ಕಾಣಾಕಿಲ್ಲ. ಹಸುರೂ ಕಾಣಾಕಿಲ್ಲ. ಎರಡೂ ಒಂದೇ."

ರುದ್ರೇಶ್ ನಕ್ಕ. ಆಮೇಲೆ ನಗು ಅರ್ಧಕ್ಕೆ ನಿಂತಿತು. "ತಮಾಸೆ ಮಾಡ್ತಿದ್ದೀಯ? ಮೂವತ್ತು ವರ್ಷದಿಂದ ನಮ್ಮ ಮರಕ್ಕೆಲ್ಲ ಬಣ್ಣ ಕಟ್ಟಿದ್ದು ಯಾರು ಹಂಗಾರೆ?"

"ನಮ್ಮಕ್ಕ."

ಆಮೇಲೆ ಎಲ್ಲರೂ ಮಾಡುವುದನ್ನೇ ರುದ್ರೇಶನೂ ಮಾಡಿದ. "ಇದ್ಯಾವ ಬಣ್ಣ ಯೋಳು? ಮೇಡಮ್ಮೋರ ಸೀರೆ?"

"ಮಣ್ಣಿನಂಗದೆ."

ಸುನೀತಾ ತಮ್ಮ ಗಿಳಿಹಸಿರು ಸೆರಗನ್ನು ತಾವೇ ನೋಡಿಕೊಂಡು ನಗಲು ಹೋದರು. ಅವನ ಮುಖ ಕಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಆ ಬಕೆಟ್ಟು?"

"ನೀಲಿ."

"ಅಲ್ನೋಡು, ನೀಲಿ ಕಾಣ್ತದೆ!" ಎಂದ ರುದ್ರೇಶ್, ಕಳ್ಳನನ್ನು ಹಿಡಿದವನ ಹಾಗೆ. ಇಟ್ಟಿಗೆ ತೋರಿಸಿದ, ಬಾಳೆಗಿಡ ತೋರಿಸಿದ, ಸ್ಕೂಟರು ತೋರಿಸಿದ. ಪುಟ್ಟಬಸವಯ್ಯ ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಹೇಳಿದ. ಕೆಲವು ಸರಿಯಾದವು, ಕೆಲವು ತಪ್ಪಾದವು. ಒಳಗಿನಿಂದ ಕೆಂಪಾಜಮ್ಮನ ದನಿ ಬಂತು: "ಸಾಕು ಬುಡಪ್ಪ ರುದ್ರೇಸ, ಅವನೇನ್ ಒಂದನೇ ಕ್ಲಾಸಾ?"

"ಹಾಗಾದ್ರೆ," ಎಂದರು ಸುನೀತಾ, ಮೃದುವಾಗಿಯೇ, "ಮಂಚಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀನಿ. ಬೇಜಾರಿಲ್ಲ ತಾನೆ?"

"ಇಲ್ಲ ಕಣವ್ವ."

ಅವನು ಸಾಮಾನು ಕಟ್ಟಿಕೊಂಡು ಹೊರಟಾಗ ರುದ್ರೇಶ್ ರಸ್ತೆಯವರೆಗೂ ಜೊತೆಗೆ ಬಂದ.

"ನಮ್ಮಪ್ಪನ್ ಕಾಲ್ದಿಂದ ಜೊತೇಲಿದ್ದೀಯ. ಒಂದ್ ಮಾತು ಯೋಳ್ಬೋದಾಗಿತ್ತು ಬಸಣ್ಣ."

"ಯೋಳಿದ್ರೆ ಕೆಲ್ಸ ಕೊಡ್ತಿದ್ರಾ?"

ರುದ್ರೇಶ್ ಯೋಚಿಸಿದ. ಸುಳ್ಳು ಹೇಳುವ ಮನುಷ್ಯನಲ್ಲ. "ಇಲ್ಲ," ಎಂದ. ನಾಲ್ಕು ಹೆಜ್ಜೆ ನಡೆದಮೇಲೆ ಮತ್ತೆ ಹೇಳಿದ: "ಒಂದ್ ಕೆಲ್ಸ ಮಾಡಣ. ಮರದ ಬಣ್ಣಾನೇ ಸಾಕು ಅನ್ನೋ ಬಾಗ್ಲೆಲ್ಲ ನಿಂಗೆ. ಶೇಡು ಗೀಡು ಕೇಳೋರು ಮದನ್‌ಗೆ. ಅದೂ ಬೇಕಾದಷ್ಟದೆ. ಸರೀನಾ?"

"ಸರಿ."

ಅರ್ಧ ಕೆಲಸ ಉಳಿಯಿತು. ಪೂರ್ತಿ ಹೋಗುತ್ತದೆ ಎಂದು ಹೆದರಿದ್ದ. ನಂಜನಗೂಡಿನ ಬಸ್ಸು ಬಂದಾಗ ಅವನ ಎದೆ ನಿಜಕ್ಕೂ ಹಗುರವಾಗಿತ್ತು. ಕಿಟಕಿಯ ಪಕ್ಕ ಕೂತು, ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ಗದ್ದೆಗಳನ್ನು ನೋಡುತ್ತ ಹೋದ. ಮನೆಗೆ ಹೋಗಿ ಅಕ್ಕನಿಗೆ ಇದನ್ನು ಹೇಗೆ ಹೇಳುವುದು ಎಂದು ಮಾತು ಜೋಡಿಸತೊಡಗಿದ್ದ. ಮೊದಲು ಬಾಗಿಲಿನ ಮಾತು, ಆಮೇಲೆ ಮಂಚದ್ದು. ಎಲ್ಲರೆದುರಿಗೆ ಹೇಳಿಬಿಟ್ಟೆ ಎನ್ನುವುದನ್ನು ಕಡೆಗೆ. ಅವಳು ಬೈಯುತ್ತಿದ್ದಳು. ಯಾರ್ ಕೇಳುದ್ರು ನಿನ್ನ, ಬಾಯಿ ಮುಚ್ಕೊಂಡಿರಕ್ಕೆ ಏನಾಗಿತ್ತು ಎನ್ನುತ್ತಿದ್ದಳು. ಎರಡು ದಿನ ಮಾತು ಬಿಡುತ್ತಿದ್ದಳು.

ಬಸ್ಸು ಕೆಂಪಾಜಮ್ಮನ ಊರು ಹದಿನಾರನ್ನು ದಾಟಿದಮೇಲೆ ಅವನು ಮಾತು ಜೋಡಿಸುವುದನ್ನು ನಿಲ್ಲಿಸಿದ. ಮೂವತ್ತೆರಡು ವರ್ಷ ಆ ವಿಷಯ ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು. ಅವಳು ಹೋದಮೇಲೂ ಅದನ್ನು ಕಾಯುತ್ತಿರುವಾಗೆಲ್ಲ ಅವಳು ಪಕ್ಕದಲ್ಲಿ ಕೂತು ಕಾಯುತ್ತಿರುವಂತೆಯೇ ಇತ್ತು. ಇಂದು ಸಂಜೆ ಅದು ರುದ್ರೇಶನದಾಯಿತು, ಟೀಚರಮ್ಮನದಾಯಿತು. ಈ ವಾರದೊಳಗೆ ನಂಜೇಶನ ಅಂಗಡಿಯದೂ ಆಗುತ್ತದೆ. ಕಾಯಲು ಇನ್ನೇನೂ ಇರಲಿಲ್ಲ.

ಪಕ್ಕದ ಸೀಟಿಗೆ ಸೊಪ್ಪಿನ ಮೂಟೆ ಹಿಡಿದ ಹೆಂಗಸೊಬ್ಬಳು ಬಂದಳು. "ಒಸಿ ಅತ್ತಾಗಿ ಸರ್ಕೊ ಅಣ್ಣ," ಎಂದಳು. ಅವನು ಸರಿದು ಕೂತ. ಬಸ್ಸು ಕಪಿಲೆಯ ಸೇತುವೆ ಹತ್ತುವವರೆಗೂ ಅವಳು ಏನೇನೋ ಹೇಳುತ್ತಲೇ ಇದ್ದಳು. ಸೊಪ್ಪಿನ ರೇಟು, ಮಳೆ, ಮಗಳ ಬಾಣಂತನ. ಅವನು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ. ತನ್ನ ಸ್ಟಾಪು ಬಂದಾಗ ಇಳಿಯಲಿಲ್ಲ. ಅವಳು ಇಳಿಯುವ ಬಸ್ ಸ್ಟ್ಯಾಂಡಿನವರೆಗೂ ಕೂತೇ ಹೋದ.